ಹೆಸರಿನ ಕೆಳಗಿನ ಖಾಲಿ ಜಾಗ

ಅಮ್ಮಾಪೇಟೆ, ಸೇಲಂ
12-1-2025, ಭಾನುವಾರ

ಚಿರಂಜೀವಿ ಮೈತ್ರೇಯಿಗೆ,

ನಿನ್ನ ಚಿಕ್ಕಮ್ಮ ಕಮಲಿನಿಯ ಆಶೀರ್ವಾದ. ನಾವಿಬ್ಬರೂ ಇಲ್ಲಿ ಕ್ಷೇಮ. ಮೈ ಮಟ್ಟಿಗೆ ಕ್ಷೇಮ ಅಂತ ತಿಳಿದುಕೋ, ಮನಸ್ಸಿನ ವಿಚಾರ ಮುಂದೆ ಬರೆಯುತ್ತೇನೆ. ಹತ್ತು ದಿನದಿಂದ ನೀನು ತಿರುನೆಲ್ವೇಲಿಯಿಂದ ಫೋನ್ ಮಾಡಿದಾಗಲೆಲ್ಲ "ಒಲೆ ಮೇಲೆ ಸಾರೈತೆ" ಅಂತ ಇಟ್ಟುಬಿಟ್ಟಿದ್ದೇನೆ. ನಾಲ್ಕು ಸಲವೂ ಅದೇ ಸಾರು. ಬ್ಯಾಂಕಿನಲ್ಲಿ ದಿನಾ ಜನರ ಸುಳ್ಳು ಕೇಳುವವಳು ನೀನು, ಗೊತ್ತಾಗದೆ ಇರುತ್ತದೆಯೇ. ಕ್ಷಮಿಸು. ಕೋಪ ಇತ್ತು, ಅದು ಯಾರ ಮೇಲೆ ಅಂತ ನನಗೇ ತೀರ್ಮಾನ ಆಗಿರಲಿಲ್ಲ.

ಕಾಗದ ಯಾಕೆ ಬರೆಯುತ್ತಿದ್ದೇನೆ ಅಂದರೆ, ಫೋನಿನಲ್ಲಿ ಮಾತಾಡಿದರೆ ನಿನ್ನ ಅಪ್ಪ ಪೇಪರ್ ಹಿಡಿದು ಪಕ್ಕದಲ್ಲೇ ಕೂರುತ್ತಾರೆ. ಒಂದು ಪುಟವೂ ತಿರುಗುವುದಿಲ್ಲ. ಕನ್ನಡದಲ್ಲಿ ಬರೆದರೆ ಮೇಜಿನ ಮೇಲೆ ಬಿಟ್ಟು ಹೋದರೂ ಭಯವಿಲ್ಲ, ಬಾಯಲ್ಲಿ ಕನ್ನಡವಾದರೂ ಅವರ ಓದೆಲ್ಲ ತಮಿಳು. ಈ ಮನೆಯಲ್ಲಿ ಕನ್ನಡ ಅಕ್ಷರ ಬಲ್ಲವರು ನಾನು, ನೀನು ಇಬ್ಬರೇ. ನನಗೆ ಕಾರಿಮಂಗಲದಲ್ಲಿ ನಂಜಯ್ಯ ತಾತ ಕಲಿಸಿದರು, ನಿನಗೆ ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಸಿ ಕಲಿಸಿದೆ. ನಿಧಾನವಾದರೂ ಪೂರಾ ಓದು. ನಡುವೆ ಬಿಟ್ಟು ಅಪ್ಪನಿಗೆ ಫೋನ್ ಮಾಡಬೇಡ.

ಮೊದಲು ಮದುವೆಯ ಸುದ್ದಿ. ನಿನ್ನ ಸೀರೆ ಜವರಪ್ಪ ಮಾವನ ಮಗ್ಗದಲ್ಲಿ ಅರ್ಧಕ್ಕೆ ಬಂದಿದೆ. ಅರಿಶಿನ ಬಣ್ಣ ನೀನು ಹೇಳಿದ್ದಕ್ಕಿಂತ ಕೊಂಚ ಗಾಢವಾಗಿದೆ. ಕೇಳಿದರೆ "ಬಿಸ್ಲಾಗೆ ನೋಡು, ಸರೀಗೈತೆ" ಅನ್ನುತ್ತಾರೆ. ಬಿಸಿಲಲ್ಲಿ ಎಲ್ಲ ಬಣ್ಣವೂ ಸರಿಯಾಗಿಯೇ ಕಾಣುತ್ತದೆ. ನಾನು ಎರಡು ದಿನಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೇನೆ.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನದು ಅನುಮಾನದ ಬುದ್ಧಿ ಅಂತ ನೀನು ನಗುತ್ತೀ. ಹಾಲಿನವನು ಬೇಗ ಬಂದರೂ ಅನುಮಾನ, ತಡವಾಗಿ ಬಂದರೂ ಅನುಮಾನ. ಇರಲಿ, ಅನುಮಾನವಿಲ್ಲದವಳು ಸಂತೆಯಲ್ಲಿ ಒಂದು ಬದನೆಕಾಯಿಯನ್ನೂ ನೆಟ್ಟಗೆ ಆರಿಸಲಾರಳು. ಡಿಸೆಂಬರ್ ಕೊನೆಯಿಂದ ನಿನ್ನ ಅಪ್ಪ ಸಾಯಂಕಾಲ ವಾಕಿಂಗ್ ಶುರು ಮಾಡಿದರು. ಸಕ್ಕರೆ ಕಾಯಿಲೆಗೆ ನಡೆಯಿರಿ ಅಂತ ಡಾಕ್ಟರು ಆರು ವರ್ಷದಿಂದ ಬಡಿದುಕೊಂಡರೂ ಏಳದವರು, ಈಗ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಡುತ್ತಾರೆ. ಮೇಲಿನ ಜೇಬಿನಲ್ಲಿ ಒಂದು ಮಡಿಸಿದ ಚೀಟಿ. ನಾನು ಹತ್ತಿರ ಹೋದರೆ ಕೈ ಜೇಬಿನ ಮೇಲೆ ಹೋಗುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರಿಗೆ ಯಾರೂ ಕಳ್ಳ ಅನ್ನುವುದೂ ಬೇಕಾಗಿರಲಿಲ್ಲ.

ಒಂದು ದಿನ ಅವರ ಮಾತ್ರೆ ತರಲು ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯ ಸೆಂದಿಲ್‌ಕುಮಾರ್ ತಮಿಳಿನವನಾದರೂ ನಮ್ಮ ಬೀದಿಯವರ ಜೊತೆ ಕನ್ನಡ ಆಡಲು ನೋಡುತ್ತಾನಲ್ಲ, ಅವನು ಕೇಳಿದ:

"ಅಕ್ಕಾ, ಸಾರ್‌ಗೆ ಆ ವಾರ್ತೆ ಸಿಕ್ತಾ?"

"ಯಾವ ವಾರ್ತೆ?"

"ಅದೇ ಅಕ್ಕಾ, ಇದ್ದೋಳ ಜಾಗಕ್ಕೆ ಇನ್ನೊಬ್ಳು ಬಂದವ್ಳಲ್ಲ, ಅದು. ಸಾರ್ ಪಾವಂ, ಎಲ್ಲಾ ಕಡೆ ಕೇಳ್ತವ್ರೆ."

ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಮನೆಗೆ ಬಂದೆ. ವಾರ್ತೆ ಅಂದರೆ ಕನ್ನಡದಲ್ಲಿ ಸುದ್ದಿ ತಾನೆ? ಇದ್ದವಳ ಜಾಗಕ್ಕೆ ಇನ್ನೊಬ್ಬಳು ಬಂದ ಸುದ್ದಿ ಮೆಡಿಕಲ್ ಶಾಪಿಗೆ ಮುಟ್ಟಿದೆ, ಮನೆಗೆ ಮಾತ್ರ ಮುಟ್ಟಿಲ್ಲ. ಅವನು ಮಾತಾಡಿದ್ದು ಕನ್ನಡವಾದರೂ ಆ ಒಂದು ಮಾತು ತಮಿಳಿನದು, ತಮಿಳಿನಲ್ಲಿ ವಾರ್ತೆ ಅಂದರೆ ಪದ, ಅಂತ ನನಗೆ ಹೊಳೆಯಬೇಕಾಗಿತ್ತು. ಹುಟ್ಟಿದಾಗಿನಿಂದ ಎರಡು ಭಾಷೆಯ ನಡುವೆಯೇ ಬದುಕಿದವಳು ನಾನು. ಆದರೆ ಅನುಮಾನ ಒಳಗೆ ಬಂದರೆ ಬುದ್ಧಿ ಹಿತ್ತಿಲ ಬಾಗಿಲಿನಿಂದ ಎದ್ದು ಹೋಗುತ್ತದೆ.

ಮೈತ್ರೇಯಿ, ನಾಚಿಕೆ ಬಿಟ್ಟು ಬರೆಯುತ್ತೇನೆ. ಐದು ದಿನ ನಾನು ನಿನ್ನ ಅಪ್ಪನಿಗೆ ಬೇರೆ ಹೆಂಗಸಿನ ಸಹವಾಸ ಇದೆ ಅಂತ ನಂಬಿದ್ದೆ. ಮೇ ತಿಂಗಳಿಗೆ ಕರೆಂಟ್ ಆಫೀಸಿನಿಂದ ರಿಟೈರ್ ಆಗುವ ಮನುಷ್ಯ, ರಾತ್ರಿ ಊಟಕ್ಕೆ ಎರಡು ಚಪಾತಿ, ಯಾರು ನೋಡಿಯಾರು ಅಂತ ಒಂದು ಮನಸ್ಸು. ಒಮ್ಮೆ ಒಬ್ಬಳ ಜಾಗಕ್ಕೆ ಇನ್ನೊಬ್ಬಳನ್ನು ತಂದವರಿಗೆ ಎರಡನೇ ಸಲ ಕಷ್ಟವೇ ಅಂತ ಇನ್ನೊಂದು ಮನಸ್ಸು. ಈ ಎರಡನೆಯದು ಕೆಟ್ಟ ಮಾತು. ನನ್ನನ್ನು ತಂದದ್ದು ಅವರಲ್ಲ, ನಿನ್ನ ಅಜ್ಜಿ ಎಂಬುದು ನನಗೆ ಗೊತ್ತು.

ಆರನೇ ದಿನ ಅವರ ಹಿಂದೆಯೇ ಹೋದೆ. ಅವರು ನೆಟ್ಟಗೆ ಹೋದದ್ದು ಶೆವ್ವಾಪೇಟೆಯ ಸುಬ್ಬರಾಯನ್ ಮೇಷ್ಟ್ರ ಮನೆಗೆ. ನಿನಗೂ ಒಂದು ವರ್ಷ ಇಂಗ್ಲಿಷ್ ಟ್ಯೂಷನ್ ಹೇಳಿದವರು, ಈಗ ಎಂಬತ್ತು ದಾಟಿದೆ. ಆ ಮನೆಯಲ್ಲಿ ಮೇಷ್ಟ್ರನ್ನು ಬಿಟ್ಟರೆ ಇರುವುದು ಒಂದು ಬೆಕ್ಕು. ನನಗೆ ಸಮಾಧಾನವಾಯಿತು. ಆಮೇಲೆ, ಹಾಗಾದರೆ ಯಾವ ವಾರ್ತೆ ಅಂತ ಹೊಸ ಹುಳ ಹೊಕ್ಕಿತು. ಮಾರನೇ ದಿನ ಒಂದು ಡಬ್ಬಿ ಮುರುಕು ಹಿಡಿದು ನಾನೂ ಅಲ್ಲಿಗೆ ಹೋದೆ.

ಮೇಷ್ಟ್ರು ಮುರುಕನ್ನು ಸಣ್ಣದಾಗಿ ಮುರಿದು ಬಾಯಿಗೆ ಹಾಕಿಕೊಂಡು ಹೇಳಿದರು: "ಕೃಷ್ಣಸ್ವಾಮಿ ಏನೋ ಒಂದು ಇಂಗ್ಲಿಷ್ ಪದ ಕೇಳ್ದ ಕಣಮ್ಮ. ತಾಯಿಗೆ ತಂಗಿ ಆಗಿದ್ದು, ಆಮೇಲೆ ತಾಯಿ ಜಾಗಕ್ಕೆ ಬಂದೋಳಿಗೆ ಒಂದೇ ಪದ ಏಳಿ ಅಂದ. ಸ್ಟೆಪ್ ಮದರ್ ಅಂದೆ. ಅದು ಬೇಡ, ವಸಿ ಮೆತ್ತಗಿರೋದು ಬೇಕು ಅಂದ. ಆಂಟ್ ಅಂದೆ. ಅದು ಸಾಲಲ್ಲ ಅಂದ. ಇಂಗ್ಲಿಷಿನೋರ ಹತ್ರ ನೆಂಟಸ್ತನಕ್ಕೆ ಪದ ಕಮ್ಮಿ ಕಣಮ್ಮ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲಾರ್ನೂ ಒಂದೇ ಮೂಟೆಗೆ ತುಂಬ್ತಾರೆ. ನಮ್ಮಲ್ಲಿ ಚಿಕ್ಕಮ್ಮ ಅಂದ್ರೆ ಎರಡೂ ಮುಗೀತು. ಅವರ ಭಾಷೇಲಿ ನಿನ್ನ ಎರಡು ತುಂಡು ಮಾಡ್ಬೇಕು."

ನಿನ್ನ ಅಂದರು ನೋಡು. ಹೇಳಿ ಮುಗಿಸಿದ ಮೇಲೆ ಅವರಿಗೂ ಅರಿವಾಗಿ, ಬೆಕ್ಕಿಗೆ ಹಾಲು ಹಾಕಲು ಎದ್ದುಹೋದರು.

ಹೀಗೆ ತಿಳಿಯಿತು, ಪೇಟೆಯೆಲ್ಲ ಹುಡುಕುತ್ತಿರುವುದು ನನ್ನ ಹೆಸರು ಅಂತ. ನನ್ನ ಅಕ್ಕ ಭಾರ್ಗವಿ, ನಿನ್ನನ್ನು ಹೆತ್ತವಳು, ಕಾಮಾಲೆಯಲ್ಲಿ ಹೋದಾಗ ನಿನಗೆ ಮೂರು ವರ್ಷ. ಹತ್ತು ತಿಂಗಳಿಗೆ ಅವಳ ಗಂಡನ ಕೈಯಲ್ಲಿ ನನಗೆ ತಾಳಿ ಕಟ್ಟಿಸಿದರು. ಆಗ ನನಗೆ ಇಪ್ಪತ್ತು. ಅದಕ್ಕೆ ಮೊದಲು ಅವರನ್ನು ಭಾವ ಅನ್ನುತ್ತಿದ್ದೆ, ಇವತ್ತಿಗೂ ಭಾವ ಅಂತಲೇ ಅನ್ನುತ್ತೇನೆ. ನೀನು ಚಿಕ್ಕಮ್ಮ ಅನ್ನುತ್ತಿದ್ದೆ, ಇವತ್ತಿಗೂ ಚಿಕ್ಕಮ್ಮ. ಒಂದು ತಾಳಿಯಿಂದ ನನ್ನ ಬದುಕೆಲ್ಲ ಬದಲಾಯಿತು, ಈ ಎರಡು ಮಾತು ಮಾತ್ರ ಬದಲಾಗಲಿಲ್ಲ. ಇಪ್ಪತ್ತೈದು ವರ್ಷ ಸಾಕಾಗಿದ್ದ ಮಾತು ಈಗ ಯಾರಿಗೆ ಸಾಲದಾಯಿತು ಅಂತ ನಾನು ಯೋಚಿಸಿದೆ.

ಆ ದಿನ ಸಾಯಂಕಾಲ ಅವರು ಸ್ನಾನಕ್ಕೆ ಹೋದಾಗ ಜೇಬಿಗೆ ಕೈ ಹಾಕಿದೆ. ಹೌದು, ಹಾಕಿದೆ. ಮೂವತ್ತು ವರ್ಷ ಆಫೀಸಿನಲ್ಲಿ ಫಾರಂ ತುಂಬಿಸಿದವರಲ್ಲವೇ, ಚೀಟಿಯಲ್ಲೂ ಗೆರೆ ಎಳೆದಿದ್ದರು. ಇಂಗ್ಲಿಷ್ ಪದ ಒಂದು ಕಡೆ, ಪಕ್ಕದಲ್ಲಿ ಹೇಳಿದವರ ಹೆಸರು, ಅದರ ಪಕ್ಕ ಯಾಕೆ ಬೇಡ ಅಂತ ತಮಿಳಿನಲ್ಲಿ. ಆಂಟ್: ಪಕ್ಕದ ಮನೆಯವಳಿಗೂ ಅನ್ನುತ್ತಾರೆ. ಸ್ಟೆಪ್ ಮದರ್: ಕಥೆಗಳಲ್ಲಿ ಕೆಟ್ಟವಳು. ಗಾರ್ಡಿಯನ್: ಹಾಸ್ಟೆಲ್ ಫಾರಮ್ಮಿನದು. ಫಾಸ್ಟರ್: ಅನಾಥ ಮಕ್ಕಳಿಗೆ. ಸೆಂದಿಲ್‌ಕುಮಾರ್ ಕೊಟ್ಟದ್ದು ಸಬ್‌ಸ್ಟಿಟ್ಯೂಟ್. ಡಾಕ್ಟರು ಬರೆದ ಕಂಪನಿಯ ಮಾತ್ರೆ ಸಿಗದಿದ್ದರೆ ಅದೇ ಕೆಲಸ ಮಾಡುವ ಇನ್ನೊಂದು ಕಂಪನಿಯದನ್ನು ಕೊಡುತ್ತಾನಲ್ಲ, ಅದಕ್ಕೆ ಅವನು ಹೇಳುವ ಮಾತು. ಅದರ ಮುಂದೆ ನಿನ್ನ ಅಪ್ಪ ಬರೆದಿದ್ದರು: ಮಾತ್ರೆಗೆ ಸರಿ.

ಎಲ್ಲ ಪದದ ಮೇಲೂ ಒಂದೊಂದು ಗೆರೆ. ಆದರೆ ಎಲ್ಲಕ್ಕಿಂತ ಮೇಲೆ, ಮೊದಲನೇ ಸಾಲಿನಲ್ಲಿದ್ದ ಪದವನ್ನು ಮಾತ್ರ ಬರೀ ಗೆರೆ ಎಳೆದು ಬಿಟ್ಟಿರಲಿಲ್ಲ, ಪೆನ್ನಿನಿಂದ ಗೀಚಿ ಗೀಚಿ ಕಪ್ಪು ಮಾಡಿದ್ದರು. ಬೆಳಕಿಗೆ ಹಿಡಿದೆ, ತಿರುಗಿಸಿ ನೋಡಿದೆ, ಓದಲಾಗಲಿಲ್ಲ. ಸಬ್‌ಸ್ಟಿಟ್ಯೂಟ್ ಅನ್ನೇ ಓದುವಂತೆ ಬಿಟ್ಟವರು ಇದನ್ನು ಮುಚ್ಚಿದ್ದಾರೆ ಅಂದರೆ, ಅದು ಎಂಥ ಮಾತಾಗಿರಬೇಕು, ನೀನೇ ಹೇಳು.

ಅವರು ತಲೆ ಒರೆಸಿಕೊಳ್ಳುತ್ತಾ ಬಂದರು. ಚೀಟಿಯನ್ನು ಮುಂದೆ ಇಟ್ಟೆ.

"ಏನ್ ಭಾವ ಇದು?"

"ಆಫೀಸ್ ವಿಸ್ಯ ಕಣೆ."

"ಆಫೀಸ್ನಾಗೆ ಯಾರಿಗೆ ಎರಡ್ನೇ ಎಂಡ್ತಿ ಬಂದವ್ಳೆ?"

ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದರು. ನಿನ್ನ ಹುಡುಗನ ಕಡೆಯವರು ಕಟಕ್‌ನವರು, ಅವರಿಗೆ ನಮ್ಮ ತಮಿಳು, ಕನ್ನಡ ಎರಡೂ ಓದಲು ಬರುವುದಿಲ್ಲ. ಅದಕ್ಕೆ ಲಗ್ನಪತ್ರಿಕೆಯಲ್ಲಿ ಒಂದು ಪುಟ ಇಂಗ್ಲಿಷ್. ಅವರ ಪದ್ಧತಿಯಂತೆ ಎರಡೂ ಕಡೆಯ ಹಿರಿಯರ ಹೆಸರು, ಹೆಸರಿನ ಕೆಳಗೆ ಒಂದೇ ಪದದಲ್ಲಿ ಸಂಬಂಧ. ಅಜ್ಜಿ, ತಂದೆ, ಮಾವ ಅಂತ ಎಲ್ಲರ ಕೆಳಗೂ ತುಂಬಿದೆ. ಕಮಲಿನಿ ಕೃಷ್ಣಸ್ವಾಮಿ ಅನ್ನುವ ಹೆಸರಿನ ಕೆಳಗೆ ಖಾಲಿ. ನಮ್ಮ ಬೀದಿಯ ಪ್ರೆಸ್ಸಿನ ನಾಗರಾಜನ್ ಆ ಪ್ರೂಫ್ ಇಟ್ಟುಕೊಂಡು ಕಾಯುತ್ತಿದ್ದಾನೆ.

"ಒಳ್ಳೇ ಪದ ಉಡುಕಿ ಕೊಡಪ್ಪ ಅಂತ ಮಗೀನೇ ಏಳ್ತು," ಅಂದರು. "ಚಿಕ್ಕಮ್ಮಂಗೆ ಏಳ್ಬೇಡ, ಅನ್ಮಾನ ಪಡ್ತಳೆ ಅಂದ್ಳು."

"ಆ ಮೇಲ್ಗಡೆ ಗೀಚಿರೋದು ಏನು?"

"ಅದು ಬೇಡ ಬುಡು. ಅದು ಆಗಲ್ಲ."

ಎಷ್ಟು ಕೇಳಿದರೂ ಅಷ್ಟೇ. ಎರಡು ದಿನ ಕಾಫಿಗೆ ಸಕ್ಕರೆ ಹಾಕಲಿಲ್ಲ. ಅವರಿಗೆ ಹೇಗಿದ್ದರೂ ಸಕ್ಕರೆ ಕಾಯಿಲೆ, ಶಿಕ್ಷೆ ತಾಗಲಿಲ್ಲ.

ಅನುಮಾನ ಪಡುತ್ತೇನೆ ಅಂದೆಯಾ? ಸರಿ, ಪಡುತ್ತಿದ್ದೇನೆ. ನೇರವಾಗಿಯೇ ಕೇಳುತ್ತೇನೆ. ಆ ಮನೆಯವರ ಮುಂದೆ ನನ್ನನ್ನು ಏನಂತ ನಿಲ್ಲಿಸುವುದು ಅಂತ ನಿನಗೆ ನಾಚಿಕೆಯಾಯಿತಾ? ಅಕ್ಕ ಸತ್ತ ವರ್ಷದೊಳಗೆ ಭಾವನನ್ನು ಕಟ್ಟಿಕೊಂಡವಳು ಅಂತ ಅವರು ಅಂದುಕೊಳ್ಳುತ್ತಾರೆ ಅಂತಲಾ? ನಮ್ಮಲ್ಲಿ ಇದು ಊರಿಗೆಲ್ಲ ಸರಿ ಕಂಡ ಮಾತು. ಮಗುವಿಗೆ ಪರಾಯಿಯವಳು ಬರುವುದಕ್ಕಿಂತ ಕರುಳಿನವಳು ಬರಲಿ ಅಂತ ಮಾಡಿದ್ದು. ಆದರೆ ಇಂಗ್ಲಿಷಿನಲ್ಲಿ ಬರೆಯಲು ಹೊರಟರೆ ಮಾತ್ರ ಏನೋ ಮುಚ್ಚಿಡುವ ಸಂಗತಿಯ ಹಾಗೆ ಕಾಣುತ್ತದೆ. ಹತ್ತನೇ ಕ್ಲಾಸಿನ ಹಾಸ್ಟೆಲ್ ಫಾರಮ್ಮಿನಲ್ಲಿ ನಾನು ಗಾರ್ಡಿಯನ್ ಅಂತ ಸಹಿ ಹಾಕಿದ್ದು ನೆನಪಿದೆಯಾ? ಮೇಜಿನ ಆಚೆ ಕೂತಿದ್ದ ಹೆಂಗಸು ನನ್ನ ತಾಳಿ ನೋಡಿದಳು, ನಿನ್ನ ಮುಖ ನೋಡಿದಳು, ಆಮೇಲೆ ಫಾರಂ ತೆಗೆದುಕೊಂಡಳು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅತ್ತಿದ್ದೆ. ನಿನಗೆ ಹೇಳಿರಲಿಲ್ಲ.

ನಿನ್ನೆ ಶನಿವಾರ ಕಾರಿಮಂಗಲಕ್ಕೆ ಹೋಗಿದ್ದೆವು, ಅಜ್ಜಿಯನ್ನು ಮದುವೆಗೆ ಕರೆಯಲು. ಅವ್ವ ಮಾರಕ್ಕನಿಗೆ ಈಗ ಕಣ್ಣು ಮಂದವಾಗಿದೆ, ಬಾಯಿ ಮಂದವಾಗಿಲ್ಲ. ಗುಟ್ಟು ಹೇಗೂ ಒಡೆದಿದೆ ಅಂತ ನಿನ್ನ ಅಪ್ಪ ಅಲ್ಲೂ ಶುರು ಮಾಡಿದರು: "ಅತ್ತೆ, ಇವಳ ಎಸರಿನ ಕೆಳಗೆ ಏನಂತ ಆಕ್ಸಣ ನೀವೇ ಏಳಿ."

ಅವ್ವ ಎಲೆಗೆ ಸುಣ್ಣ ಹಚ್ಚುತ್ತಾ, "ಇದೇನ್ ಅಳಿಯಂದ್ರೆ, ಈಗ ಉಡುಕ್ತಿದ್ದೀರಿ? ಆವತ್ತು ಆ ಮಗ ತಾನಾಗೇ..." ಅಂತ ಬಾಯಿ ತೆರೆದಳು. ನಾನು ತಟ್ಟನೆ, "ಅವ್ವಾ, ಒಲೆ ಮೇಲೆ ಆಲು ಉಕ್ತೈತೆ ನೋಡು," ಅಂದೆ. ಹಾಲು ಒಲೆಯ ಮೇಲೇ ಇರಲಿಲ್ಲ. ಅವ್ವ ಹೋಗಿ ನೋಡಿ ಬಂದು ನನ್ನ ಮುಖವನ್ನೇ ನೋಡುತ್ತಾ ಕೂತಳು, ಮತ್ತೆ ಮಾತು ಎತ್ತಲಿಲ್ಲ.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ನೀನು ಯಾವ ಪದ ಬೇಕಾದರೂ ಹಾಕಿಸು. ಆಂಟ್ ಅಂತ ಹಾಕಿಸಿದರೂ ಸರಿ, ಪಕ್ಕದ ಮನೆಯವಳ ಹಾಗೆಯೇ ಬಂದು ಅಕ್ಷತೆ ಹಾಕಿ ಊಟ ಮಾಡಿಕೊಂಡು ಹೋಗುತ್ತೇನೆ. ತಲೆನೋವು ಬೇಡ ಅನಿಸಿದರೆ ಹೆಸರನ್ನೇ ತೆಗೆಸು. ಆದರೆ ಆ ಕಪ್ಪು ಮಾಡಿದ ಪದ ಯಾವುದು ಅಂತ ಮಾತ್ರ ನನಗೆ ತಿಳಿಸಬೇಕು. ಅಪ್ಪ ಹೇಳುತ್ತಿಲ್ಲ. ನನ್ನ ಬಗ್ಗೆ ನಿಮ್ಮಿಬ್ಬರ ಮನಸ್ಸಿಗೆ ಮೊದಲು ಬಂದದ್ದು ಏನು ಅಂತ ತಿಳಿಯದೆ ನಾನು ನಿನ್ನ ಮದುವೆಯ ಮಂಟಪಕ್ಕೆ ಹೆಜ್ಜೆ ಇಡಲಾರೆ.

ಬಿಸಿಲಲ್ಲಿ ತಿರುಗಬೇಡ. ರಾತ್ರಿ ಮೊಸರು ಬೇಡ, ಕೆಮ್ಮು ಶುರುವಾಗುತ್ತದೆ. ನಿನ್ನ ಹುಡುಗನಿಗೂ ಅವನ ಮನೆಯವರಿಗೂ ನನ್ನ ನಮಸ್ಕಾರ ಹೇಳು, ಯಾರು ಹೇಳಿದರು ಅಂತ ಕೇಳಿದರೆ ನಿನಗೆ ತೋಚಿದ ಪದ ಹೇಳು. ನೂರು ವರ್ಷ ಮುತ್ತೈದೆಯಾಗಿ ಬಾಳು, ಹೋದ ಮನೆ ತುಂಬಿರಲಿ.

ಇಂತಿ,
ನಿನ್ನ ಚಿಕ್ಕಮ್ಮ
ಕಮಲಿನಿ

ಮ. ಬ.: ಸೋಮವಾರ ಬೆಳಿಗ್ಗೆ. ಕವರ್ ಇನ್ನೂ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು.

ಇವತ್ತು ಭೋಗಿ ಹಬ್ಬ. ಬಾಗಿಲ ಮುಂದೆ ಬೆಂಕಿ ಹಾಕಿ ಹಳೆಯ ಚಾಪೆ, ಹರಿದ ಮೊರ ಸುಡುತ್ತಿದ್ದೆ. ನಿನ್ನ ಅಪ್ಪ ಮೆಲ್ಲಗೆ ಬಂದು ಆ ಚೀಟಿಯನ್ನು ಬೆಂಕಿಗೆ ಹಾಕಲು ಕೈ ಚಾಚಿದರು. ಕೈ ಹಿಡಿದುಕೊಂಡೆ. "ಮೊದ್ಲು ಆ ಪದ ಏಳಿ, ಆಮ್ಯಾಕೆ ಸುಡಿ," ಅಂದೆ. ಅವರು ಚೀಟಿಯನ್ನು ಮತ್ತೆ ಮಡಿಸುತ್ತಾ ಹೇಳಿದರು. ಮದರ್ ಅಂತ. ಅವರು ಮೊದಲು ಬರೆದದ್ದು ಅದನ್ನೇ ಅಂತೆ. ಹುಡುಗನ ಮನೆಯವರೂ ಅದನ್ನೇ ಹಾಕೋಣ ಅಂದರಂತೆ. ನೀನೇ ಬೇಡ ಅಂದೆಯಂತೆ. "ಅದು ಚಿಕ್ಕಮ್ಮಂಗೆ ಆಗಲ್ಲ ಅಪ್ಪ, ಬೇರೆ ಉಡುಕು," ಅಂದೆಯಂತೆ.

ಮೈತ್ರೇಯಿ, ನೀನು ಮರೆತಿರುತ್ತೀ ಅಂತ ಇಷ್ಟು ವರ್ಷ ನಾನು ನಂಬಿಕೊಂಡಿದ್ದೆ. ನಿನಗೆ ಆಗ ನಾಲ್ಕು ತುಂಬಿತ್ತು. ಬಾಲವಾಡಿಯಿಂದ ಬಂದು ಅಡುಗೆಮನೆ ಹೊಸಿಲ ಮೇಲೆ ನಿಂತು, "ಅಮ್ಮ, ನೀರು," ಅಂದೆ. ಯಾರೂ ಹೇಳಿಕೊಟ್ಟಿರಲಿಲ್ಲ, ಬೇರೆ ಮಕ್ಕಳು ಅನ್ನುವುದನ್ನು ಕೇಳಿ ನೀನಾಗಿಯೇ ಅಂದದ್ದು. ಆ ದಿನ ಧರ್ಮಪುರಿ ಕಾಲೇಜಿನಲ್ಲಿ ನನ್ನ ಜೊತೆಯವರು ಬಿ.ಕಾಂ. ಮೊದಲ ಪರೀಕ್ಷೆ ಬರೆಯುತ್ತಿದ್ದರು, ನಾನು ನಿನ್ನ ಅಪ್ಪನ ಬನಿಯನ್ ಒಗೆಯುತ್ತಿದ್ದೆ. ಒದ್ದೆ ಕೈಯಲ್ಲೇ ನಿನ್ನ ಬಾಯಿಯ ಮೇಲೆ ಹೊಡೆದೆ. "ನಾನ್ ನಿಮ್ಮಮ್ಮ ಅಲ್ಲ, ಚಿಕ್ಕಮ್ಮ. ಇನ್ನೊಂದ್ ದಪ ಅಂದ್ರೆ ನೋಡು," ಅಂದೆ. ನೀನು ಅಳಲಿಲ್ಲ. ನೀರು ಕುಡಿದು, ಲೋಟ ಕೆಳಗಿಟ್ಟು, "ಸರಿ ಚಿಕ್ಕಮ್ಮ," ಅಂದೆ. ನಿನ್ನ ಅಜ್ಜಿ ಹಿತ್ತಿಲಲ್ಲಿ ನಿಂತು ನೋಡಿದಳು. ಆಮೇಲೆ ನೀನು ಆ ಮಾತು ಒಂದು ಸಲವೂ ಅನ್ನಲಿಲ್ಲ. ಜ್ವರದಲ್ಲಿ ಕನವರಿಸುವಾಗಲೂ ಚಿಕ್ಕಮ್ಮ ಅಂತಲೇ ಕನವರಿಸುತ್ತಿದ್ದೆ, ನಾನು ಕಿವಿಗೊಟ್ಟು ಕೇಳಿದ್ದೇನೆ.

ನನಗೆ ಬೇರೆ ಮಕ್ಕಳಾಗಲಿಲ್ಲ. ಸೊಪ್ಪು ಮಾರುವ ಕಣ್ಣಮ್ಮ ನನ್ನನ್ನು ಅಮ್ಮಾ ಅನ್ನುತ್ತಾಳೆ, ಬಸ್ಸಿನ ಕಂಡಕ್ಟರ್ ಒಳಗೆ ಹೋಗಮ್ಮಾ ಅನ್ನುತ್ತಾನೆ. ಅನ್ನಬೇಕಾದವಳ ಬಾಯನ್ನು ನಾನೇ ಮುಚ್ಚಿದೆ. ಊರಿನವರ ಮೇಲೆಲ್ಲ ಅನುಮಾನ ಪಟ್ಟೆ, ನಿನ್ನ ಮೇಲೂ ಪಟ್ಟೆ, ಆ ಗೀಚಿದ ಪದಕ್ಕೆ ಕಾರಣ ನಾನೇ ಇರಬಹುದು ಅಂತ ಮಾತ್ರ ನನಗೆ ಅನುಮಾನ ಬರಲಿಲ್ಲ.

ಚೀಟಿ ಸುಟ್ಟಾಯಿತು. ಈ ಕಾಗದವನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ, ನಾಗರಾಜನ್ ಇಪ್ಪತ್ತನೇ ತಾರೀಖು ಪ್ರಿಂಟಿಗೆ ಹಾಕುತ್ತಾನೆ. ಈಗ ತಾನೇ ಪ್ರೆಸ್ಸಿಗೆ ಹೋಗಿ ಬಂದೆ. ನನ್ನ ಹೆಸರಿನ ಕೆಳಗಿನ ಖಾಲಿ ಜಾಗದಲ್ಲಿ ಆರು ಇಂಗ್ಲಿಷ್ ಅಕ್ಷರ ಹಿಡಿಸುತ್ತಾ ಅಂತ ಕೇಳಿದೆ. ಹಿಡಿಸುತ್ತೆ ಅಂದ. ಯಾವ ಪದ ಅಂತ ಕೇಳಿದ, ಮೈತ್ರೇಯಿ ಹೇಳುತ್ತಾಳೆ ಅಂದೆ.

ಬಲವಂತ ಇಲ್ಲ ಮಗಾ. ಬೇಡ ಅನಿಸಿದರೆ ಖಾಲಿಯೇ ಇರಲಿ. ಆದರೆ ಚಿಕ್ಕಮ್ಮಂಗೆ ಆಗಲ್ಲ ಅಂತ ಮಾತ್ರ ಅಂದುಕೊಳ್ಳಬೇಡ. ಆಗುತ್ತೆ.